ಬೀಗರ ಕೋಟಿಗೆ ಬಟ್ಟೆಯ ಗುಲಾಬಿ

ಯುದ್ಧದ ಕಾಲ. ಬಟ್ಟೆಗೆ ರೇಷನ್ ಬಂದಿತ್ತು. ಆಗ ನಾನು ಹಾಸನದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಹೊಲಿಯಲು ಬಟ್ಟೆಯೇ ಇಲ್ಲದ್ದರಿಂದ ಮಕ್ಕಳು ಗೋಣಿತಾಟಿನ ಮೇಲೆ ಕಸೂತಿ ಹಾಕುತ್ತಿದ್ದರು. ಆ ಬೇಸಿಗೆ ರಜಕ್ಕೆ ಹೊಳೆನರಸೀಪುರದ ಸೋದರಮಾವನ ಮನೆಗೆ ಹೋದೆ. ಮಾವ ನಿವೃತ್ತ ಶೇಕ್ದಾರರು. ಅವರ ಒಬ್ಬಳೇ ಮಗಳನ್ನು ಹಾಸನದ ವಕೀಲರೊಬ್ಬರ ಮಗನಿಗೆ ಕೊಡುವುದೆಂದು ನಿಶ್ಚಯವಾಗಿತ್ತು.

ನಾನು ಹೋದ ಮಾರನೆಯ ದಿನವೇ ಆ ವಕೀಲರಿಂದ ಕಾಗದ ಬಂತು. ವರಪೂಜೆಯ ಸಂಜೆ ಹುಡುಗ ಸೂಟು ತೊಡುತ್ತಾನೆ. ಸೂಟಿನ ಎದೆಗೆ ಒಂದು ಗುಲಾಬಿ ಇರಬೇಕು. ಮೈಸೂರಿನಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳು ಹಾಗೆ ಸಿಕ್ಕಿಸಿಕೊಳ್ಳುವುದನ್ನು ತಾವು ಕಣ್ಣಾರೆ ಕಂಡಿದ್ದಾರೆ. ಆದರೆ ಗಿಡದ ಗುಲಾಬಿ ಸಂಜೆಯ ಹೊತ್ತಿಗೆ ತಲೆ ಬಾಗಿಸುತ್ತದೆ, ತಮ್ಮ ವಂಶದಲ್ಲಿ ತಲೆ ಬಾಗಿಸುವ ಪದ್ಧತಿ ಇಲ್ಲ. ಆದ್ದರಿಂದ ಹೆಣ್ಣಿನ ಕಡೆಯವರು ಬಟ್ಟೆಯ ಗುಲಾಬಿ ಮಾಡಿಸತಕ್ಕದ್ದು.

ಮಾವ ಅದನ್ನು ಮೂರು ಸಲ ಓದಿ ಕನ್ನಡಕ ತೆಗೆದರು. "ಬಟ್ಟೇಲಿ ಹೂವು ಮಾಡ್ತಾರೇನಮ್ಮ?"

"ಮಾಡ್ತಾರೆ ಮಾವ. ಟ್ರೈನಿಂಗಲ್ಲಿ ನಮಗೆ ಕಲಿಸಿದ್ರು," ಎಂದೆ.

ಅಷ್ಟು ಹೇಳಿದ್ದೇ ತಪ್ಪಾಯಿತು. ನನ್ನ ರಜ ಅಲ್ಲಿಗೆ ಮುಗಿಯಿತು.

ಒಂದು ವಾರಕ್ಕೆ ಎರಡನೆಯ ಕಾಗದ. ಮದುಮಗನಿಗೊಬ್ಬನಿಗೇ ಹೂವಾದರೆ ಅವನ ತಂದೆಯ ಗತಿ ಏನು, ಚಿಕ್ಕಪ್ಪಂದಿರ ಗತಿ ಏನು? ಒಟ್ಟು ಹನ್ನೊಂದು ಬೇಕು. ಮೂರನೆಯ ಕಾಗದದಲ್ಲಿ ಹನ್ನೊಂದು ಇಪ್ಪತ್ತಾರಾಗಿತ್ತು. ಹಿರಿಯರಿಗೆ ದೊಡ್ಡವು, ಕಿರಿಯರಿಗೆ ಚಿಕ್ಕವು. ಹಿರಿಯ ಸೊಸೆಯ ತೌರಿನವರಿಗೆ ಮಾತ್ರ ಬೇಡ, ಅವರು ತಮ್ಮ ಮನೆಯ ಮದುವೆಯಲ್ಲಿ ಇವರಿಗೆ ಆರಿದ ಕಾಫಿ ಕೊಟ್ಟಿದ್ದರಂತೆ.

ಅಷ್ಟರಲ್ಲಿ ಚನ್ನರಾಯಪಟ್ಟಣದಿಂದ ಮಾವನ ದೊಡ್ಡಪ್ಪನ ಮಗ ಬಂದಿಳಿದರು. ಮಾದರಿಗೆಂದು ನಾನು ಚಿಂದಿಯಲ್ಲಿ ಮಾಡಿ ಮೊರದಲ್ಲಿಟ್ಟಿದ್ದ ಒಂದೆರಡು ಹೂವುಗಳನ್ನು ನೋಡಿ, ಅವು ಯಾರಿಗೆಂದು ಕೇಳಿ ತಿಳಿದುಕೊಂಡು, "ಎದೆ ಇರೋದು ಅವರಿಗೊಬ್ಬರಿಗೇನೋ? ನಮಗಿಲ್ವೋ?" ಎಂದು ಕೋಲು ಕುಟ್ಟಿದರು. ನಮ್ಮ ಕಡೆಯ ಗಂಡಸರಿಗೂ ಮಾಡುವುದೆಂದು ತೀರ್ಮಾನವಾಯಿತು. ಎರಡೂ ಕಡೆಗೆ ಒಂದೇ ಬಣ್ಣವಾದರೆ ಬೀಗರು ಕೋಪಿಸಿಕೊಂಡಾರೆಂದು ಅವರಿಗೆ ಕೆಂಪು, ನಮಗೆ ಹಳದಿ ಎಂದು ಮಾವನೇ ತೀರ್ಪು ಕೊಟ್ಟರು.

ಇಷ್ಟಕ್ಕೆಲ್ಲ ಬಟ್ಟೆ ಎಲ್ಲಿಂದ? ಅತ್ತೆ ನನ್ನನ್ನು ಕೋಣೆಗೆ ಕರೆದು, ಬಾಗಿಲು ಮುಂದಕ್ಕೆ ಎಳೆದು, ಟ್ರಂಕಿನಿಂದ ಮಾವನ ನಾಲ್ಕು ಹಳೆಯ ಪಂಚೆ ತೆಗೆದರು.

"ಅತ್ತೆ, ಇವು ಉಟ್ಟು ಬಿಟ್ಟಿರೋವಲ್ವಾ?"

"ಒಗೆದಿದೆ ಕಣೇ. ಕಂಟ್ರೋಲ್ ಅಂಗಡಿಗೆ ಹೋಗಿ ಬೀಗರ ಎದೆಗೆ ಹೂವು ಮಾಡ್ಬೇಕು ಅಂದ್ರೆ ಬಟ್ಟೆ ಕೊಡ್ತಾನಾ? ಯಾರ ಹತ್ರಾನೂ ಬಾಯಿ ಬಿಡ್ಬೇಡ."

ಪಂಚೆಗಳು ತೆಳ್ಳಗಿದ್ದವು, ಹೂವಿಗೆ ಹೇಳಿ ಮಾಡಿಸಿದಂತಿದ್ದವು. ಬಣ್ಣವೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅರಿಶಿನದ ನೀರಿನಲ್ಲಿ ಅದ್ದಿದರೆ ಹಳದಿ, ಅದಕ್ಕೆ ಸುಣ್ಣ ಸೇರಿಸಿದರೆ ಕೆಂಪು. ಅದ್ದಿ ಒಣಗಿಸಿ, ಗಟ್ಟಿ ಗಂಜಿ ಹಾಕಿ, ಎಸಳು ಎಸಳಾಗಿ ಕತ್ತರಿಸುತ್ತಿದ್ದೆ. ಚಮಚದ ಬೆನ್ನನ್ನು ಕೆಂಡದ ಮೇಲೆ ಕಾಯಿಸಿ ಒತ್ತಿದರೆ ಎಸಳು ನಿಜವಾದ ಗುಲಾಬಿಯ ಹಾಗೆ ಬಾಗುತ್ತಿತ್ತು. ಆಮೇಲೆ ಒಂದರ ಸುತ್ತ ಒಂದು ಸುತ್ತಿ, ಹಸಿರು ದಾರ ಹೊಸೆದ ತೆಂಗಿನಗರಿಯ ಕಡ್ಡಿಗೆ ಬಿಗಿಯುವುದು. ನನ್ನ ಹೆಬ್ಬೆರಳಿನಲ್ಲಿ ಎರಡು ಬೊಬ್ಬೆ ಎದ್ದವು.

ಮದುವೆಯ ಹುಡುಗಿ ನನ್ನ ಪಕ್ಕದಲ್ಲೇ ಕೂತು ದಾರ ಸುತ್ತುತ್ತಿದ್ದಳು. ಒಂದು ಮಧ್ಯಾಹ್ನ ಮೆಲ್ಲಗೆ ಕೇಳಿದಳು. "ಅಕ್ಕ, ಅವರು ಸೂಟು ಹಾಕ್ಕೊಂಡು ಬಂದ್ರೆ ನನಗೆ ಗುರುತು ಹೇಗೆ ಸಿಗುತ್ತೆ? ನೋಡೋಕೆ ಬಂದಾಗ ಪಂಚೇಲಿದ್ರು."

"ಮುಖ ಅದೇ ತಾನೇ ಇರುತ್ತೆ?"

"ಮುಖ ನಾನು ನೋಡ್ಲೇ ಇಲ್ಲ. ತಲೆ ಬಗ್ಗಿಸಿದ್ನಲ್ಲ, ಪಂಚೆ ಅಂಚು ಮಾತ್ರ ಕಾಣ್ತಿತ್ತು."

ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಮದುಮಗನ ಹೂವನ್ನು ಅವಳೇ ಮಾಡಲಿ ಎಂದೆ. ಅವಳು ತನಗೆ ಚಿಕ್ಕದಾಗಿದ್ದ ಕೆಂಪು ರೇಷ್ಮೆ ರವಿಕೆಯ ತೋಳು ಕತ್ತರಿಸಿ ಮೂರು ಸಲ ಕಟ್ಟಿ ಬಿಚ್ಚಿ, ನಾಲ್ಕನೆಯ ಸಲ ಒಂದು ಗುಲಾಬಿ ಮಾಡಿದಳು. ಸ್ವಲ್ಪ ಸೊಟ್ಟಗಿತ್ತು, ಆದರೆ ಚೆನ್ನಾಗಿತ್ತು.

ಬೀಗರು ರೈಲಿನಲ್ಲಿ ಬಂದರು. ಹೂವಿನ ತಟ್ಟೆ ಹಿಡಿದು ಎದುರುಗೊಂಡ ನಾನು ಮೊದಲು ನೋಡಿದ್ದು ಅವರ ಕೋಟುಗಳನ್ನು. ಮದುಮಗನೊಬ್ಬನನ್ನು ಬಿಟ್ಟು ಮಿಕ್ಕವರು ಹೆಚ್ಚುಕಡಿಮೆ ಎಲ್ಲರೂ ಕುತ್ತಿಗೆಯವರೆಗೆ ಗುಂಡಿ ಹಾಕುವ ಬಿಳಿಯ ಡ್ರಿಲ್ ಕೋಟು ತೊಟ್ಟಿದ್ದರು. ಹೂವು ಸಿಕ್ಕಿಸುವ ಕಾಜವೇ ಅದರಲ್ಲಿ ಇರಲಿಲ್ಲ. ಮನೆಯ ಹೆಂಗಸರ ಪಿನ್ನುಗಳನ್ನೆಲ್ಲ ಬಿಚ್ಚಿಸಿ ತಂದು ಚುಚ್ಚಿದ್ದಾಯಿತು. ಎಡಗಡೆಯೋ ಬಲಗಡೆಯೋ ಎಂದು ಸ್ವಲ್ಪ ಹೊತ್ತು ವಾದವೂ ನಡೆಯಿತು. ಕೋಟೇ ತೊಡದ ಒಬ್ಬ ಹಿರಿಯರು ಇದೆಲ್ಲ ಮ್ಲೇಚ್ಛರ ವೇಷ ಎಂದು ಮುಖ ತಿರುಗಿಸಿದರು. ಆದರೆ ತಮ್ಮನ ಎದೆಯ ಮೇಲಿನ ಹೂವಿನ ಗಾತ್ರ ನೋಡಿದ ಮೇಲೆ ಶಲ್ಯದ ತುದಿಯನ್ನು ನನ್ನ ಮುಂದೆ ಹಿಡಿದು, "ಇದಕ್ಕೂ ಒಂದು ಇರಲಿ. ದೊಡ್ಡದು," ಎಂದರು.

ವರಪೂಜೆಗೆ ಎಲ್ಲರೂ ಜಮಖಾನದ ಮೇಲೆ ಎದೆ ಸೆಟೆಸಿ ಕೂತರು. ಆರಿದ ಕಾಫಿಯ ಮನೆಯವರು ಬರಿಯ ಕೋಟಿನಲ್ಲಿ ಕಂಬಕ್ಕೆ ಒರಗಿದ್ದರು. ಮಾವ ಸಂತೋಷದಿಂದ ಬೆಳ್ಳಿಯ ಪನ್ನೀರುದಾನಿ ಹಿಡಿದು ಬಂದರು. ಮರ್ಯಾದೆಯಲ್ಲಿ ಕೊರತೆ ಆಗಬಾರದೆಂದು ಒಬ್ಬೊಬ್ಬರಿಗೂ ನಾಲ್ಕೈದು ಸಲ ಚಿಮುಕಿಸಿದರು, ವಕೀಲರಿಗಂತೂ ದಾನಿಯನ್ನೇ ಬಗ್ಗಿಸಿದರು.

ಪನ್ನೀರು ಬೀಳುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. ಮೊದಲು ವಕೀಲರ ಹೂವಿನಿಂದ ಒಂದು ಕೆಂಪು ಗೆರೆ ಇಳಿಯಿತು. ಆಮೇಲೆ ಅವರ ತಮ್ಮನದು, ಆಮೇಲೆ ಸಾಲಾಗಿ ಎಲ್ಲರದು. ನೋಡುತ್ತ ನೋಡುತ್ತ ಇಪ್ಪತ್ತೈದು ಜನ ಗುಂಡೇಟು ತಿಂದವರ ಹಾಗೆ ಕಾಣತೊಡಗಿದರು. ಒಳಗಿನಿಂದ ಇಣುಕಿದ ನಮ್ಮ ಅಜ್ಜಿ, "ಓಕುಳಿ ನಾಳಿದ್ದು ಅಂದಿದ್ರಲ್ಲೇ, ಇವತ್ತೇ ಆಡಿಬಿಟ್ರಾ?" ಎಂದು ಕೇಳಿದರು. ಕಂಬಕ್ಕೆ ಒರಗಿದ್ದವರು ಮೊದಲು ನಕ್ಕರು.

ರೇಷ್ಮೆ ಹೂವಿನ ಮದುಮಗನೊಬ್ಬನೇ ಕಲೆಯಿಲ್ಲದೆ ಕೂತಿದ್ದ. ತನ್ನ ತಂದೆಯ ಎದೆ ನೋಡಿ, ತಡೆಯಲಾರದೆ ಅವನೂ ನಕ್ಕುಬಿಟ್ಟ. ಆ ನಗು ಕೇಳಿ ನಮ್ಮ ಹುಡುಗಿ ಬಾಗಿಲ ಮರೆಯಿಂದ ತಲೆಯೆತ್ತಿ ಅವನ ಮುಖ ನೋಡಿದಳು. ಅವಳು ಅವನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

ಚನ್ನರಾಯಪಟ್ಟಣದ ದೊಡ್ಡಪ್ಪನ ಮಗ ಮಾತ್ರ, ನಮ್ಮ ಕೋಟುಗಳ ಹಳದಿ ಕಲೆ ಅಷ್ಟಾಗಿ ಕಾಣುವುದೇ ಇಲ್ಲವೆಂದು ರಾತ್ರಿಯ ಊಟದುದ್ದಕ್ಕೂ ಬೀಗಿದರು. ಬೆಳಕು ಹರಿಯುವ ಮೊದಲೇ ಮಾವ ಮನೆಯ ಅಗಸನನ್ನು ಕರೆಸಿ ಎರಡೂ ಕಡೆಯ ಕೋಟುಗಳನ್ನು ಹೊರಿಸಿ ಕಳಿಸಿದರು. ಅವನು ಹೇಮಾವತಿಯಲ್ಲಿ ಒಗೆದು ತಂದಾಗ ನಮ್ಮವರ ಹಳದಿಯೂ ಕೆಂಪಗಾಗಿತ್ತು.

"ಚೌಳುಮಣ್ಣು ಆಕ್ದೆ ಕಣ್ ಬುದ್ಧಿ. ಅರಿಸ್ನಕ್ಕೆ ಚೌಳು ಬಿದ್ರೆ ಅಂಗೇಯ, ಕೆಂಪಗಾಯ್ತದೆ," ಎಂದ ಅಗಸ. "ಬಿಸ್ಲಿಗಾಕಿ, ನಾಕ್ ದಿನಕ್ಕೆ ಓಯ್ತದೆ." ಮತ್ತೆ ಸೊಂಟದಿಂದ ಮುದುಡಿದ ಒಂದು ಹೂವನ್ನು ತೆಗೆದ. "ಇದು ವಕೀಲ್ರ ಕೋಟಲ್ಲೇ ಉಳ್ಕೊಂಡಿತ್ತು. ಎಸಳ ಮ್ಯಾಲೆ ನೋಡಿ, ಗೇರುಮಸಿ ಗುರ್ತು. ಬಟ್ಟೆ ಯಾರ್ದು ಅಂತ ಗೊತ್ತಾಗ್ಲಿ ಅಂತ ನಾನೇ ಆಕಿದ್ದು. ಇದು ನಿಮ್ಮ ಪಂಚೆ ಅಲ್ವರಾ ಬುದ್ಧಿ?"

ವಕೀಲರು ಎರಡು ಮಾರು ದೂರದಲ್ಲಿ ಹಲ್ಲುಜ್ಜುತ್ತಿದ್ದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ವಕೀಲರು ಬಾಯಿ ಮುಕ್ಕಳಿಸಿದರು, ಆಕಾಶ ನೋಡಿದರು. ಬೀಗರು ಉಟ್ಟ ಪಂಚೆಯನ್ನು ಒಂದು ಸಂಜೆಯೆಲ್ಲ ಎದೆಯ ಮೇಲೆ ಮೆರೆಸಿದೆನೆಂದು ಒಪ್ಪಿಕೊಳ್ಳುವುದಕ್ಕಿಂತ ಕಿವಿ ಕೇಳಿಸದಿರುವುದೇ ಮೇಲೆಂದು ಅವರ ಕಾನೂನು ಜ್ಞಾನ ಹೇಳಿರಬೇಕು.

"ಕಾಫಿ ಆಯ್ತೇನಮ್ಮ?" ಎಂದು ಅತ್ತೆಯನ್ನು ಕೇಳಿದರು.

ಬಿಸಿ ಬಿಸಿ ಕಾಫಿ ಹೋಯಿತು. ಧಾರೆಯ ಹೊತ್ತಿಗೆ ಯಾರಿಗೂ ಕೋಟು ಬೇಕಾಗಿರಲಿಲ್ಲ, ಎಲ್ಲರೂ ಶಲ್ಯ ಹೊದ್ದಿದ್ದರು. ಮದುವೆ ಸಾಂಗವಾಗಿ ನಡೆಯಿತು. ಓಕುಳಿಯ ದಿನ ಮಾತ್ರ ಗಂಡಿನ ಕಡೆಯವರು ಕೆಂಪು ನೀರು ಕಂಡು ದೂರ ದೂರ ಸರಿದರು.

ನನ್ನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡು ತಿಂಗಳ ಮೇಲೆ ಅರಕಲಗೂಡಿನಿಂದ, ಆ ಮದುವೆಗೆ ಬಂದಿದ್ದ ದೂರದ ನೆಂಟರೊಬ್ಬರು ಕಾರ್ಡು ಬರೆದರು. ತಮ್ಮ ಮಗಳ ಮದುವೆಗೆ ನಲವತ್ತು ಗುಲಾಬಿ ಬೇಕು. ತಮ್ಮ ಕಡೆಯವರಿಗೆ ಬಣ್ಣ ಬಿಡದವು, ಬೀಗರಿಗೆ ಬಿಡುವಂಥವು.

ಅಂಥ ಕೆಲಸ ನನ್ನಿಂದಾಗದೆಂದು ಅರ್ಧ ಕಾಗದ ಬರೆದೆ. ಆಮೇಲೆ ಯೋಚಿಸಿ, ಅದನ್ನು ಹರಿದು, ಹಳೆಯ ಪಂಚೆಗಳನ್ನು ಕಳಿಸಿಕೊಡಿ ಎಂದು ಬರೆದೆ.