ಜೇಬೆಜ್ ಪಾರ್ಜಿಟರನ ಮೊಣಕಾಲು

ಇಂಗ್ಲೆಂಡಿನ ಟಿಪ್ಟನ್ನಿನ ಮೊಳೆ ಬಡಿಯುವವರ ಓಣಿಯಲ್ಲಿ ಜೇಬೆಜ್ ಪಾರ್ಜಿಟರನ ಬಲ ಮೊಣಕಾಲಿಗೆ ಇದ್ದ ಮರ್ಯಾದೆ ಊರಿನ ಪಾದ್ರಿಯ ತಲೆಗೂ ಇರಲಿಲ್ಲ. ಹಾಗಂತ ಜೇಬೆಜನೇ ಹೇಳುತ್ತಿದ್ದ. ಪಾದ್ರಿಯನ್ನು ಯಾರೂ ಕೇಳಿರಲಿಲ್ಲ.

ಬರಿಗೈ ಗುದ್ದಾಟದ ಕಣದಲ್ಲಿ ಜಟ್ಟಿ ನೆಲಕ್ಕೆ ಬಿದ್ದನೆಂದರೆ ಒಂದು ಸುತ್ತು ಮುಗಿಯಿತು. ಅವನ ಕಡೆಯವರು ಎತ್ತಿ ಮೂಲೆಗೆ ತರಬೇಕು. ಅಲ್ಲಿ ಕುರ್ಚಿಯಿಲ್ಲ, ಮಣೆಯಿಲ್ಲ; ಮೂಲೆಯಾಳು ಒಂದು ಕಾಲೂರಿ ಇನ್ನೊಂದರ ಮೊಣಕಾಲನ್ನು ಪೀಠದಂತೆ ಕೊಡುತ್ತಾನೆ. ಅದರ ಮೇಲೆ ಕೂತು ಅರ್ಧ ನಿಮಿಷದಲ್ಲಿ ಉಸಿರು, ರಕ್ತ, ಬುದ್ಧಿ ಎಲ್ಲವನ್ನೂ ಒಟ್ಟುಗೂಡಿಸಿಕೊಂಡು ಜಟ್ಟಿ ತನ್ನ ಕಾಲ ಮೇಲೆ ನಡುವಿನ ಗೆರೆಗೆ ಬರಬೇಕು. ಬಾರದಿದ್ದರೆ ಸೋತ. ಬಂದರೆ ಮತ್ತೊಂದು ಸುತ್ತು. ಮೂಲೆಯಾಳಿಗೇ ಸಾಕೆನಿಸಿದರೆ ರಕ್ತ ಒರೆಸುವ ಸ್ಪಂಜನ್ನು ಮೇಲಕ್ಕೆಸೆಯಬಹುದು, ಸೋಲು ಒಪ್ಪಿದಂತೆ.

ಜೇಬೆಜ್ ಹೊಟ್ಟೆಗಾಗಿ ಮೊಳೆ ಬಡಿಯುತ್ತಿದ್ದ, ಹೆಸರಿಗಾಗಿ ಮೊಣಕಾಲು ಕೊಡುತ್ತಿದ್ದ. "ಈ ಮೊಣಕಾಲ ಮೇಲೆ ಕೂತೋನು ಯಾವನೂ ಸುಮ್ನೆ ಸೋತಿಲ್ಲ ಕಣಯ್ಯ," ಎಂದು ಹೆಂಡದಂಗಡಿಯಲ್ಲಿ ಅದನ್ನು ತಟ್ಟಿ ತೋರಿಸುತ್ತಿದ್ದ. ಸೋತವರು ಬೇಕಾದಷ್ಟಿದ್ದರು, ಸುಮ್ಮನೆ ಸೋತವರಿರಲಿಲ್ಲ, ಅಷ್ಟೆ. ಮೊಣಕಾಲಿನ ಜೊತೆಗೆ ಅವನಲ್ಲಿ ಇನ್ನೊಂದು ವಿದ್ಯೆಯಿತ್ತು. ಎಚ್ಚರ ತಪ್ಪಿ ಜೋಲುವ ಜಟ್ಟಿಯ ಕಿವಿಯನ್ನು ಸರಿಯಾದ ಜಾಗದಲ್ಲಿ ಕಚ್ಚಿ ಎಬ್ಬಿಸುವುದು. ಸುತ್ತಲ ಊರುಗಳಲ್ಲಿ ಅವನ ಹಲ್ಲಿನ ಗುರುತಿನ ಕಿವಿಗಳು ಹಲವಾರು ಓಡಾಡಿಕೊಂಡಿದ್ದವು.

ಮಗಳು ಕೆಜಾಯಳ ಗಂಡ ಏಮಸ್ ಟಿಬೆಟ್ಸ್ ಜಟ್ಟಿಯಾದದ್ದು ಮಾವನ ಪುಣ್ಯವೋ ಪಾಪವೋ. ಹಿಂದಿನ ವರ್ಷ ಅವನ ಪಂದ್ಯ ನಡೆದಾಗ ಜೇಬೆಜ್ ಜ್ವರದಲ್ಲಿ ಮಲಗಿದ್ದ. ಮೂಲೆಯಲ್ಲಿದ್ದ ಬೇರೆ ಯಾರೋ ಹೆದರಿ ಸ್ಪಂಜು ಎಸೆದುಬಿಟ್ಟಿದ್ದ. ಅಂದಿನಿಂದ ಏಮಸನಿಗೆ ಹೆತ್ತವರಿಟ್ಟ ಹೆಸರು ಹೋಯಿತು. ಕಾಲುವೆಯ ದಂಡೆಯಲ್ಲಿ "ಸ್ಪಂಜು ಬಂದ," ಕುಲುಮೆಯ ಬಾಗಿಲಲ್ಲಿ "ಸ್ಪಂಜಣ್ಣ, ಬೆವರು ಒರೆಸ್ತೀಯಾ?" ವರ್ಷವಿಡೀ ಅವನು ತಲೆ ಎತ್ತದೆ ಉಂಡ. ಈಗ ಸರಕು ದೋಣಿಯ ಡ್ಯಾನ್ ಲಾಕೆಟ್ ಎಂಬ ದೈತ್ಯನ ಜೊತೆ ಪಂದ್ಯ ನಿಗದಿಯಾಗಿತ್ತು.

ಪಂದ್ಯದ ಹಿಂದಿನ ಸಂಜೆ ಏಮಸ್ ಬೈಬಲ್ ತಂದು ಮಾವನ ಮುಂದಿಟ್ಟ.

"ಮುಟ್ಟಿ ಹೇಳಿ ಮಾವ. ನಾನು ಸತ್ರೂ ಸ್ಪಂಜು ಎಸೆಯಲ್ಲ ಅಂತ."

"ಸತ್ತ ಮೇಲೆ ಎಸೆದು ಏನಾಗ್ಬೇಕಪ್ಪ?"

"ತಮಾಷೆ ಬೇಡ ಮಾವ. ಇನ್ನೊಂದು ಸಲ ಆ ಹೆಸರು ಕೇಳಿದ್ರೆ ಕಾಲುವೆಗೆ ಬಿದ್ಬಿಡ್ತೀನಿ."

ಜೇಬೆಜ್ ಮುಟ್ಟಿ ಹೇಳಿದ.

ಬೆಳಿಗ್ಗೆ ಕುಲುಮೆಯಲ್ಲಿ ಕೆಜಾಯ ಸುತ್ತಿಗೆ ಕೆಳಗಿಟ್ಟಳು. "ಅಪ್ಪ, ಅವನ ಎಡಗಣ್ಣು ಹೋದ ಸಲಾನೇ ಮಂಜಾಗಿದೆ. ಯಾರಿಗೂ ಹೇಳ್ಬೇಡ ಅಂದಿದಾನೆ. ಜೀವ ಸಮೇತ ತಂದ್ಕೊಡು. ಇನ್ನೊಂದು ಕಣ್ಣಾದ್ರೂ ಉಳಿಸ್ಕೊಂಡು ಬಾ."

"ತರ್ತೀನಿ ಮಗಳೇ. ಈ ಮೊಣಕಾಲಾಣೆ."

ಬೈಬಲ್ಲಿಗಿಂತ ದೊಡ್ಡ ಆಣೆ ಅದು. ಹೀಗೆ ಎರಡು ಕಡೆಗೂ ಮಾತು ಕೊಟ್ಟು, ಒಂದರ ಕತ್ತನ್ನು ಇನ್ನೊಂದು ಹಿಸುಕುತ್ತದೆ ಎಂಬುದನ್ನು ಯೋಚಿಸದೆ ಜೇಬೆಜ್ ಎದೆಯುಬ್ಬಿಸಿ ಹೊರಟ.

ಎರಡು ಜಿಲ್ಲೆಗಳ ಗಡಿಯ ಹೊಲದಲ್ಲಿ ಕಣ ಕಟ್ಟಿದ್ದರು. ಈ ಕಡೆಯ ಪೊಲೀಸರು ಬಂದರೆ ಬೇಲಿ ಹಾರಿ ಆ ಕಡೆಗೆ ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಮೊದಮೊದಲು ಏಮಸ್ ಚೆನ್ನಾಗಿಯೇ ಗುದ್ದಿದ. ಆಮೇಲೆ ಲಾಕೆಟ್ ಅವನ ಎಡಕ್ಕೆ ಸರಿದು ನಿಲ್ಲತೊಡಗಿದ. ಆ ಕಡೆಯಿಂದ ಬರುವ ಗುದ್ದು ಏಮಸನಿಗೆ ಕಾಣುತ್ತಿಲ್ಲ ಎಂಬ ಗುಟ್ಟು ದೋಣಿಯವನ ಕೈಗೆ ಸಿಕ್ಕಿತ್ತು. ಮಧ್ಯಾಹ್ನದ ಹೊತ್ತಿಗೆ ಏಮಸನ ಎಡಗಣ್ಣು ಕಣ್ಣಾಗಿ ಉಳಿದಿರಲಿಲ್ಲ. ಬಲಗಣ್ಣು ಗೀರಿನಷ್ಟು ತೆರೆದಿತ್ತು. ಮೂಗು ಒಂದು ಕಡೆಗೆ ವಾಲಿತ್ತು.

ಜೇಬೆಜ್ ಮೊಣಕಾಲು ಕೊಟ್ಟ. ಮತ್ತೆ ಕೊಟ್ಟ. ಅದರ ಮೇಲೆ ಅಳಿಯನ ಭಾರ ಪ್ರತಿ ಸಲವೂ ಹೆಚ್ಚುತ್ತಿತ್ತು. ಎಚ್ಚರವಿಲ್ಲದ ಮೈ ಹೆಚ್ಚು ತೂಗುತ್ತದೆ. ಜೊತೆಯಲ್ಲಿ ನೀರಿನ ಸೀಸೆ ಹಿಡಿದಿದ್ದ ಸೈಲಸ್ ರಜ್ ಪಿಸುಗುಟ್ಟಿದ, "ಸ್ಪಂಜು ಎಸಿ ಜೇಬೆಜ್. ಹುಡುಗ ಹೋಗ್ಬಿಡ್ತಾನೆ."

ಆ ಮಾತು ಏಮಸನಿಗೆ ಎಲ್ಲಿಂದಲೋ ಕೇಳಿಸಿತು. "ಮಾವ... ಬೈಬಲ್ಲು," ಎಂದ ಒಡೆದ ತುಟಿಯಲ್ಲಿ.

ಹರೆಯದಿಂದ ಪೊಲೀಸರಿಗೆ ಶಾಪ ಹಾಕುತ್ತ ಬಂದ ಜೇಬೆಜ್, ಆ ಹೊತ್ತು ಮನಸ್ಸಿನಲ್ಲೇ ಅವರಿಗೆ ಕೈಮುಗಿದ. ಬನ್ನಿ ದೇವರುಗಳೇ, ಎರಡು ಜಿಲ್ಲೆಯವರೂ ಒಟ್ಟಿಗೆ ಬನ್ನಿ, ನಮ್ಮನ್ನೆಲ್ಲ ಹಿಡಿದು ಜೈಲಿಗೆ ಹಾಕಿ. ಒಬ್ಬನೇ ಒಬ್ಬ ಪೊಲೀಸು ಬಂದಿದ್ದ. ಟೋಪಿಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಲಾಕೆಟ್ಟನ ಪರ ಕೂಗುತ್ತಿದ್ದ.

ಮತ್ತೆ ಏಮಸ್ ಬಿದ್ದ. ಈ ಸಲ ಎತ್ತಿ ತಂದಾಗ ಕತ್ತು, ಬೇರು ಕಿತ್ತ ಗಿಡದಂತೆ ಜೋತಿತ್ತು.

"ಕಿವಿ ಕಚ್ಚು," ಎಂದರು ಹಗ್ಗದಾಚೆಯ ಬಾಜಿಯವರು. "ಏಯ್ ಮುದುಕ, ಕಚ್ಚೋ."

ಕಚ್ಚಿದರೆ ಏಳುತ್ತಾನೆ, ಅವನ ಹಲ್ಲು ಎಂದೂ ಸೋತಿರಲಿಲ್ಲ. ಎದ್ದರೆ ಗೆರೆಗೆ ಹೋಗುತ್ತಾನೆ. ಹೋದರೆ ಆ ಗೀರಿನಷ್ಟು ಉಳಿದ ಕಣ್ಣೂ ಹೋಗುತ್ತದೆ, ಅಥವಾ ಆಳೇ. ಕಚ್ಚದೆ ಬಿಟ್ಟರೆ ಏಮಸ್ ಗೆರೆಗೆ ಬಾರದೆ ಸೋಲುತ್ತಾನೆ, ಸ್ಪಂಜೆಂಬ ಹೆಸರು ಗೋರಿಯವರೆಗೂ ಬರುತ್ತದೆ. ಕಾಲುವೆ ಮನೆಯಿಂದ ದೂರವೇನಿರಲಿಲ್ಲ.

ಜೇಬೆಜ್ ಅಳಿಯನನ್ನು ಮೆಲ್ಲಗೆ ಸೈಲಸನ ಮೇಲೆ ಒರಗಿಸಿದ. ಎದ್ದ. ಗೆರೆಯ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಲಾಕೆಟ್ಟನ ಬಳಿಗೆ, ಭಾರ ಹೊತ್ತು ಜೋಮುಹಿಡಿದ ಕಾಲಿನಲ್ಲಿ ಕುಂಟುತ್ತ ಹೋಗಿ, ಧೊಪ್ಪನೆ ಕೂತು, ಅವನ ಮೀನಖಂಡವನ್ನು ಎರಡೂ ಕೈಯಲ್ಲಿ ತಬ್ಬಿ ಹಲ್ಲೂರಿದ.

ದೋಣಿಯವನು ದನದಂತೆ ಕೂಗಿದ. ನಾಲ್ವರು ಎಳೆದರೂ ಮುದುಕ ಬಿಡಲಿಲ್ಲ. ಮೂಲೆಯಾಳು ಎದುರಾಳಿಯನ್ನು ಬೇಕೆಂದೇ ಗಾಯಗೊಳಿಸಿದರೆ ಅವನ ಜಟ್ಟಿ ಪಂದ್ಯ ಕಳೆದುಕೊಂಡ ಹಾಗೆ. ನಿಯಮ ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗಿಂತ ಚೆನ್ನಾಗಿ ಜೇಬೆಜನಿಗೆ. ತೀರ್ಪುಗಾರ ಕೈ ಎತ್ತಿದ. ಏಮಸನ ಮೇಲೆ ಬಾಜಿ ಕಟ್ಟಿದ್ದವರು ಹಗ್ಗ ಹಾರಿ ಒಳಗೆ ಬಂದರು. ಬಲ ಮೊಣಕಾಲನ್ನು ಹುಡುಕಿ ಹುಡುಕಿ ಬೂಟಿನಲ್ಲಿ ಒದ್ದರು.

ಆಮೇಲೆ ಆ ಮೊಣಕಾಲು ಮಡಚಲಿಲ್ಲ. ಮಡಚಿದ್ದರೂ ಕೇಳುವವರಿರಲಿಲ್ಲ. "ಕಾಲು ಮೇಲೆತ್ಕೊಳ್ರಪ್ಪ, ಜೇಬೆಜಜ್ಜ ಬಂದ," ಎಂದು ಹೆಂಡದಂಗಡಿಯವರು ಬೆಂಚಿನ ಮೇಲೆ ಕಾಲು ಎತ್ತಿಕೊಳ್ಳುತ್ತಿದ್ದರು. ಏನು ಬಂದಿತ್ತು ನಿನಗೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಕುಡಿದಿದ್ದೆ." ಅವನು ಆವತ್ತು ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಇಡೀ ದಿನ ಅವನ ಬಾಯಿಯ ಹತ್ತಿರವೇ ಕೂತಿದ್ದ ಏಮಸನಿಗೆ ಅದು ಗೊತ್ತಾಗಬೇಕಿತ್ತು. ಆದರೆ ಏಮಸನ ಮೂಗು ವಾಸನೆ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ.

"ಒಂದು ಮಾತು ಹೇಳಿಬಿಡ್ಲಾ ಅಪ್ಪ ಅವನಿಗೆ?" ಎಂದಳು ಕೆಜಾಯ ಒಮ್ಮೆ, ಬಟಾಣಿ ಬಡಿಸುತ್ತ.

"ಬಾಯಿ ಮುಚ್ಕೊಂಡು ಬಡಿಸು," ಎಂದ ಜೇಬೆಜ್.

ಏಮಸನನ್ನು ಮತ್ತೆ ಯಾರೂ ಸ್ಪಂಜು ಎನ್ನಲಿಲ್ಲ. ಅವನೀಗ ಮಾವನಿಂದ ಮೋಸಹೋದ ಜಟ್ಟಿ. ಒಕ್ಕಣ್ಣಿನಲ್ಲಿ ಮೊಳೆ ಬಡಿಯುತ್ತಿದ್ದ. ಶನಿವಾರ ಹೆಂಡದಂಗಡಿಯಲ್ಲಿ ಆ ಪಂದ್ಯದ ಕಥೆ ಹೇಳುತ್ತಿದ್ದ. ವರ್ಷ ಕಳೆದಂತೆ ಕಥೆಯೊಳಗಿನ ಲಾಕೆಟ್ ಹೆಚ್ಚು ಹೆಚ್ಚು ಏದುಸಿರು ಬಿಡುತ್ತಿದ್ದ.

"ಇನ್ನೆರಡೇ ಸುತ್ತು," ಎನ್ನುತ್ತಿದ್ದ ಏಮಸ್. "ಮುಗ್ಸಿಬಿಡ್ತಿದ್ದೆ ಅವನನ್ನ. ಈ ಮುದುಕನ ಹಲ್ಲು ಇಲ್ದಿದ್ರೆ."

ಎಲ್ಲರೂ ಜೇಬೆಜನ ಕಡೆ ತಿರುಗುತ್ತಿದ್ದರು. ಜೀವಮಾನವಿಡೀ ತನ್ನನ್ನು ತಾನೇ ಹೊಗಳಿಕೊಂಡವನು, ಹೊಗಳಿಕೊಳ್ಳಲು ಯೋಗ್ಯವಾದ ಒಂದೇ ಒಂದು ಕೆಲಸವನ್ನು ನುಂಗಿಕೊಂಡು, ಚಾಚಿದ ಕಾಲನ್ನು ನೋಡುತ್ತ, "ಎರಡ್ಯಾಕೆ, ಒಂದೇ ಸಾಕಾಗಿತ್ತು," ಎನ್ನುತ್ತಿದ್ದ.

ಏಮಸ್ ಕುಡಿಯಲೆಂದು ಎಡಗಡೆ ಕೈಯಾಡಿಸುತ್ತಿದ್ದ. ಕಾಣದ ಆ ಕಡೆಗೆ ಜೇಬೆಜ್ ಸದ್ದಾಗದಂತೆ ಲೋಟ ಸರಿಸುತ್ತಿದ್ದ, ಕೈಗೆ ತಾಗುವವರೆಗೆ.