ಅವ್ವನನ್ನು ಕೂರಿಸದೆ ಕಳಿಸಿದ್ದು

ಇಪ್ಪತ್ತೆರಡು ವರ್ಷದಿಂದ ರಾಜಾಜಿನಗರದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಘನ, ದ್ರವ, ಅನಿಲ ನನಗೆ ಬಾಯಿಪಾಠ. ಮಂಜುಗಡ್ಡೆ ಕರಗಿದರೆ ನೀರು, ನೀರು ಹೆಪ್ಪುಗಟ್ಟಿದರೆ ಮತ್ತೆ ಮಂಜುಗಡ್ಡೆ. ಇಂಥ ಬದಲಾವಣೆಯನ್ನು ಹಿಂದಕ್ಕೆ ತರಬಹುದು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆ ಒಂದು ಸಾಲಿನ ಸೊಕ್ಕಿನಲ್ಲೇ ನಾನು ನಮ್ಮವ್ವನ ವಿಷಯದಲ್ಲಿ ಕೆಟ್ಟೆ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಉಸಿರು ನಿಂತ ಸ್ವಲ್ಪ ಹೊತ್ತಿಗೇ ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿ ಕೂರಿಸಿ, ವಿಭೂತಿ ಬಳಿದು, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂತಂತೆಯೇ ಗುಂಡಿಗೆ ಇಳಿಸುತ್ತೇವೆ. ಅವ್ವ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಕಡೆಯ ಆರು ತಿಂಗಳು ಮಲಗಿದಲ್ಲೇ ಇದ್ದಳು. ಬೆನ್ನೆಲ್ಲ ಹುಣ್ಣು. ಆಕೆ ಕೇಳಿದ್ದು ಒಂದೇ.

"ಮಲಗಿ ಮಲಗಿ ಸಾಕಾಗೇತಿ. ಹೋಗೋವಾಗಾದ್ರೂ ನನ್ನ ಕೂರಿಸಿ ಕಳಿಸವ್ವ."

ಆಯ್ತವ್ವ ಅಂದಿದ್ದೆ.

ಏಪ್ರಿಲ್‌ನ ಒಂದು ಮಧ್ಯಾಹ್ನ ಪ್ರಾಣ ಹೋಯಿತು. ನಾವಿಬ್ಬರೇ ಹೆಣ್ಣುಮಕ್ಕಳು. ಅಕ್ಕ ಬೀದರಿನಿಂದ ರೈಲು ಹಿಡಿದು ಬರಲು ಮರುದಿನ ಬೆಳಗಾಗುತ್ತದೆ. ಅಷ್ಟರಲ್ಲಿ ಸೆಕೆಗೆ ದೇಹ ಕೆಡುತ್ತದೆಂದು ಫ್ರೀಜರ್ ಬಾಕ್ಸ್‌ನವರಿಗೆ ಫೋನ್ ಮಾಡಿದೆ. ಎದುರುಮನೆಯ ಹಿರಿಯರು, ನಮ್ಮ ಜನವೇ, ಓಡಿ ಬಂದರು.

"ಮೊದ್ಲು ಕೂರಿಸಿಬಿಡಮ್ಮ. ಸುತ್ತ ಐಸ್ ಗಡ್ಡೆ ಇಟ್ರಾಯ್ತು. ಬಾಕ್ಸಲ್ಲಿ ಮಲಗಿಸಿದ್ರೆ ಸೆಟೆದ್ಕೊಂಡ್ಬಿಡುತ್ತೆ."

"ಬೆಳಿಗ್ಗೆ ಹೊರಗಿಟ್ರೆ ಒಂದು ಗಂಟೇಲಿ ಸಡಿಲ ಆಗುತ್ತೆ ಅಂಕಲ್. ನಾನು ಸೈನ್ಸ್ ಟೀಚರ್."

ಹೌದು, ಅದನ್ನೂ ಅಂದೆ. ಓದಿದವಳ ಜೊತೆ ಯಾರು ವಾದ ಮಾಡುತ್ತಾರೆ?

ಬೆಳಿಗ್ಗೆ ಅಕ್ಕ ಬಂದಳು. ಗಾಜಿನ ಮುಚ್ಚಳ ತೆಗೆದು ಅವ್ವನನ್ನು ಚಾಪೆಗೆ ಇಳಿಸಿದರೆ ಹಲಗೆಯ ಹಾಗಿದ್ದಳು. ಒಂದು ಗಂಟೆಯಾಯಿತು, ಎರಡಾಯಿತು. ಚರ್ಮದ ಮೇಲೆ ನೀರ ಹನಿಗಳು ಕೂತವು, ಮೊಣಕಾಲು ಮಾತ್ರ ಮಣಿಯಲಿಲ್ಲ. ಸತ್ತವರ ಮಾಂಸಖಂಡ ತಾನಾಗಿಯೇ ಬಿಗಿದುಕೊಳ್ಳುತ್ತದೆ, ಬಿಡಲು ದಿನವೇ ಬೇಕು, ತಣ್ಣಗಿಟ್ಟರೆ ಇನ್ನೂ ನಿಧಾನ. ಅದು ನೀರಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬಿಸಿನೀರಿನ ಬಟ್ಟೆ ಹಾಕಿ ತಿಕ್ಕಿದೆವು. ಇಬ್ಬರು ಗಂಡಸರು ಕಾಲು ಹಿಡಿದು ಒತ್ತಿದಾಗ ಒಳಗೆಲ್ಲೋ ಲಟಕ್ ಎಂದಿತು.

"ಬಿಡ್ರಿ!" ಅಕ್ಕ ಕಿರುಚಿದಳು. "ಸತ್ತ ಮ್ಯಾಲೂ ಆಕೀಗೆ ಹಿಂಸಿ ಕೊಡಬ್ಯಾಡ್ರಿ!"

ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು, "ಮಲಗಿಸೇ ಮಾಡೋಣ ತಾಯಿ, ಶಿವ ಬೇಡ ಅನ್ನಲ್ಲ" ಎಂದರು. ಅಕ್ಕ ನನ್ನ ಮುಖ ನೋಡಿದಳು.

"ಒಂದು ಮಾತು ಕೇಳಿದ್ಲು ಆಕಿ. ಒಂದೇ."

ನನಗೆ ಅಳಲೂ ನಾಚಿಕೆಯಾಯಿತು.

ಕೆಂಗೇರಿ ಕಡೆಯ ನಮ್ಮವರ ರುದ್ರಭೂಮಿಯಲ್ಲಿ, ಹಿಂದಿನ ದಿನವೇ ಹೇಳಿದ್ದರಿಂದ, ಚೌಕದ ಗುಂಡಿ ತೋಡಿ, ಅದರ ಒಳಗೋಡೆಯಲ್ಲಿ ಕೂರಿಸಲು ಗೂಡು ಕೊರೆದು ಇಟ್ಟಿದ್ದರು. ಮಲಗಿಸಲು ಅದು ಸಾಲದು. ಇಬ್ಬರು ಹಾರೆ ಹಿಡಿದು, ಗೂಡನ್ನು ಒಡೆದು, ಗುಂಡಿಯನ್ನು ಉದ್ದ ಮಾಡತೊಡಗಿದರು. ಕಲ್ಲು ನೆಲ. ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವ್ವ ಬಿಸಿಲಲ್ಲಿ, ಹೂವಿನ ಹಾರಗಳ ಕೆಳಗೆ ಕಾದಳು.

ಕೊನೆಗೆ ಎತ್ತಲು ಕರೆದರು. ಅಕ್ಕ ತಲೆಯ ಕಡೆ ಹಿಡಿದಳು, ನಾನು ಕಾಲಿನ ಕಡೆ ಕೈ ಹಾಕಿದೆ. ಮೊಣಕಾಲು ಮಡಿಚಿಕೊಂಡಿತು. ನಿದ್ದೆ ಹೋದ ಮಗುವಿನ ಕಾಲಿನ ಹಾಗೆ, ಸಲೀಸಾಗಿ.

ಇನ್ನೊಂದು ಕಾಲೂ ಹಾಗೇ ಇತ್ತು, ಬಿಸಿಲಿಗೆ ಬಿಗಿತ ಬಿಟ್ಟಿತ್ತು. ಈಗ ಕೂರಿಸಬಹುದಿತ್ತು. ಹೇಳಿದರೆ ಹೊಸದಾಗಿ ಗೂಡು ಕೊರೆಯಬೇಕು, ಜನ ಆಗಲೇ ಬಿಸಿಲಿಗೆ ಬಸವಳಿದಿದ್ದರು. ಅದೆಲ್ಲ ನೆಪ. ಇವತ್ತಿಗೆ ಇನ್ನು ಸಡಿಲವಾಗದು ಎಂದುಕೊಂಡ ಲೆಕ್ಕವೂ ತಪ್ಪಿತೆಂದು ಎಲ್ಲರ ಎದುರು ಎರಡನೇ ಸಲ ಒಪ್ಪಿಕೊಳ್ಳಬೇಕಾಗುತ್ತಿತ್ತು, ಅಷ್ಟೇ. ಸೀರೆಯ ಮರೆಯಲ್ಲಿ ಅವ್ವನ ಕಾಲುಗಳನ್ನು ಯಾರಿಗೂ ಕಾಣದಂತೆ ನಾನೇ ನೆಟ್ಟಗೆ ಮಾಡಿದೆ, ಮಡಿಚದಂತೆ ಗಟ್ಟಿಯಾಗಿ ಹಿಡಿದುಕೊಂಡೆ, ಮಲಗಿಸಿಬಿಟ್ಟೆ.