ಕಬ್ಬಿಣ ಮಲಗಿ ಎದ್ದ ಮೇಲೆ

ಮುಧೋಳದಿಂದ ಲೋಕಾಪುರದ ಕಡೆ ಹೊರಡುವ ರಸ್ತೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಗುರುಸಿದ್ದ ಅವರ ಲೇಥ್ ವರ್ಕ್‌ಶಾಪಿನಲ್ಲಿ ಸುಂದರವ್ವ ಟ್ರೇ ಮೇಲಿನ ಬಟ್ಟೆಯನ್ನು, ನಿದ್ದೆಯಲ್ಲಿರುವ ಕೂಸಿನ ಹೊದಿಕೆ ಸರಿಸುವಷ್ಟು ಮೆಲ್ಲಗೆ ಸರಿಸುತ್ತಾರೆ. ಒಳಗೆ ಬೆರಳುದ್ದದ ಉಕ್ಕಿನ ಪಿಸ್ಟನ್‌ಗಳು. ಒಂದನ್ನೆತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. "ತಣ್ಣಗ ಆಗ್ಯಾವ. ಈಗ ಅಳೀಬಹುದು."

ಇವು ಸೈನಿಕರ ಕಾರ್ಬೈನ್ ಬಂದೂಕಿನೊಳಗೆ ಕೂರುವಂಥವು. ಗುಂಡು ಹಾರಿದಾಗ ನಳಿಗೆಯಿಂದ ನುಗ್ಗುವ ಅನಿಲ ಈ ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ; ಆ ರಭಸಕ್ಕೆ ಖಾಲಿ ತೋಟಾ ಹೊರಬಿದ್ದು ಮುಂದಿನ ಗುಂಡು ಏರುತ್ತದೆ. ಪಿಸ್ಟನ್ ಕೂದಲೆಳೆಯ ಹತ್ತನೇ ಒಂದು ಪಾಲು ತೆಳುವಾದರೂ ಅನಿಲ ಸೋರಿ ಬಂದೂಕು ಮುನಿಸಿಕೊಂಡೀತು. ಹಾಗಾಗಿ ಅಳತೆ ನೋಡುವ ಗೇಜಿನ ಒಂದು ಬಾಯಲ್ಲಿ ಅದು ತೂರಬೇಕು, ಇನ್ನೊಂದರಲ್ಲಿ ತೂರಬಾರದು. ಅಜ್ಜಿ ಕತೆಯ ರಾಜಕುಮಾರರಿಗೂ ಇಷ್ಟು ಕಠಿಣ ಷರತ್ತು ಇರಲಿಲ್ಲ.

ಚಿಮ್ಮಡದ ಕುರಿಗಾರರ ಮನೆಯ ಸುಂದರವ್ವ ಬನಹಟ್ಟಿಯಲ್ಲಿ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದವರು. ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲೇ, ಅವರು ಅಳೆದು ಕಳಿಸಿದ ಸರಕೆಲ್ಲ 'ತೆಳು' ಎಂದು ಬಂದೂಕಿನ ಕಾರ್ಖಾನೆಯಿಂದ ವಾಪಸಾಯಿತು. ಇನ್ನೊಮ್ಮೆ ಹೀಗಾದರೆ ಆರ್ಡರೂ ಇಲ್ಲ, ಅವರ ಕೆಲಸವೂ ಇಲ್ಲ.

"ಇಲ್ಲಿ ಬರೋಬ್ಬರಿ ಇದ್ದದ್ದು ಅಲ್ಲಿ ಹ್ಯಾಂಗ ಸಣ್ಣ ಆತು ಅಂತ ತಲಿ ಕೆಟ್ಟಿತ್ರೀ. ಮನ್ಯಾಗ ರೊಟ್ಟಿ ಮಾಡಾಕತ್ತಿದ್ದೆ. ಹಂಚಿನ ಮ್ಯಾಲ ಉಬ್ಬಿದ ರೊಟ್ಟಿ ಬುಟ್ಟಿಗೆ ಬಂದ ಮ್ಯಾಲ ಇಳೀತು. ಅಯ್ಯ, ನಾವೂ ಮಷಿನ್ ಮ್ಯಾಲಿಂದ ತಗದು ಬಿಸಿ ಬಿಸೀನ ಅಳ್ಯಾಕತ್ತೇವಲ್ಲ ಅನಿಸ್ತು."

ಮರುದಿನದಿಂದ ಪಿಸ್ಟನ್‌ಗಳಿಗೆ ಇಡೀ ರಾತ್ರಿ ವಿಶ್ರಾಂತಿ, ಅಳತೆ ನಸುಕಿನಲ್ಲಿ. ಆ ತಣ್ಣನೆಯ ಅಳತೆಗೆ ತಕ್ಕಂತೆ ಗುರುಸಿದ್ದ ಮಷಿನ್ ಹೊಂದಿಸಿದರು. ಆದರೂ ಎರಡನೇ ಸರಕು ಹೊರಡುವ ದಿನ ಅವರಿಗೆ ಚಡಪಡಿಕೆ.

"ಅಕ್ಕಾರ, ಗಾಡಿ ಬಂದು ನಿಂತೈತ್ರೀ."

"ನಿಲ್ಲಲಿ ಬಿಡ್ರೀ ಸಾವಕಾರ್ರ. ಹ್ವಾದ ಸಲ ಲಗೂನ ಹೋಗಿ ಲಗೂನ ತಿರುಗಿ ಬಂತಲ್ಲ."

ಕೊನೆಯ ಪಿಸ್ಟನ್ ಗೇಜು ದಾಟಿದ ಮೇಲೆಯೇ ಗಾಡಿ ಹೊರಟಿತು. ವಾರದ ನಂತರ ಫೋನು ಬಂತು. ಗುರುಸಿದ್ದ ಎಲ್ಲ ಲೇಥ್‌ಗಳನ್ನೂ ನಿಲ್ಲಿಸಿ, ಆ ನಿಶ್ಶಬ್ದದಲ್ಲಿ ಹೇಳಿದರು: "ಒಂದೂ ತಿರುಗಿ ಬಂದಿಲ್ಲ."

ಈಗ ಆರ್ಡರು ದುಪ್ಪಟ್ಟು. ಸಂಜೆ ಟ್ರೇಗಳಿಗೆ ಬಟ್ಟೆ ಹೊದಿಸುವವರು ಗುರುಸಿದ್ದರೇ. ಯಾರಾದರೂ ಹತ್ತಿರ ಸುಳಿದರೆ, "ಕೈ ಹಚ್ಚಬ್ಯಾಡ್ರಲೇ, ಮಲಗ್ಯಾವು" ಎಂದು ಗದರುತ್ತಾರೆ.

ಸುಂದರವ್ವ ಆ ಬಂದೂಕನ್ನು ಈತನಕ ಕಣ್ಣಾರೆ ಕಂಡಿಲ್ಲ. ನೋಡುವ ಆಸೆಯೂ ಅಷ್ಟಿಲ್ಲ. "ಅದನ್ನ ಹಿಡಿಯೋ ಹುಡುಗ ಯಾರರೇ ಎದುರಿಗೆ ಸಿಕ್ಕರ ಒಂದ ಮಾತು ಕೇಳ್ತೇನ್ರೀ," ಎನ್ನುತ್ತ ಮುಂದಿನ ಪಿಸ್ಟನ್ನನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾರೆ. "ಎರಡನೇ ಗುಂಡು ತಡಾ ಮಾಡಲಿಲ್ಲ ಹೌದಲ್ಲೋ ತಮ್ಮಾ, ಅಂತ."